ಸೇತುವೆ ಕಂಡಾಗ ಬೆಲ್ಟ್ ಬಿಚ್ಚುವವನ ಪ್ರಶ್ನೆ

ನಮ್ಮ ಕರಾವಳಿಯ ರಸ್ತೆಗಳಲ್ಲಿ ಜನರ ಜೀವ ಕಾಯುವ ಹೊಣೆ ಹೊತ್ತಿರುವ ಮಾನ್ಯರೇ,

ಈ ಪತ್ರದ ಮೊದಲ ಕರಡಿನಲ್ಲಿ ಒಂದು ಸಂಗತಿಯನ್ನು ಬಿಟ್ಟುಬಿಟ್ಟಿದ್ದೆ. ಹೊನ್ನಾವರದ ಶರಾವತಿ ಸೇತುವೆಯ ಹತ್ತಿರ ವ್ಯಾನಿನ ಮುಂದಿನ ಗಾಜಿಗೆ ತಲೆ ಬಡಿದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡ, ಮೀನು ಮಾರುವ ಬೆಳ್ಳಿಯ ಸೀಟ್ ಬೆಲ್ಟನ್ನು ಆ ಕ್ಷಣದಲ್ಲಿ ಬಿಚ್ಚಿದ್ದು ಅವಳ ಗಂಡ, ವ್ಯಾನು ಓಡಿಸುತ್ತಿದ್ದ ನಾಗಣ್ಣನೇ ಎಂಬುದನ್ನು. ಬರೆದರೆ ನಿಮಗೆ ಅನುಕೂಲವಾದೀತು ಎಂದು ಹೆದರಿದ್ದೆ. ಆದರೆ ಅದನ್ನು ಮುಚ್ಚಿಟ್ಟು ಬರೆದ ಪತ್ರಕ್ಕೂ ನಿಮ್ಮ ಭಾಷಣಗಳಿಗೂ ಏನು ವ್ಯತ್ಯಾಸ ಉಳಿಯುತ್ತದೆ? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಬಿಚ್ಚಿದ್ದು ನಾಗಣ್ಣನ ಕೈ. ಆ ಕೈ ಅಲ್ಲಿಗೆ ಹೋಗದಂತೆ ತಡೆಯುವ ಅವಕಾಶ ಸಿಕ್ಕಿದ್ದು ಮಾತ್ರ ನಿಮಗೆ. ಅಪಘಾತಕ್ಕೆ ಮೊದಲು ಅವನು ತುಂಬಿದ ಸಭೆಯಲ್ಲಿ ಎದ್ದು ನಿಂತು ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದ. ನೀವು ನಕ್ಕಿರಿ. ಈಗ ಅವನ ಹೆಂಡತಿಯ ಕುತ್ತಿಗೆಯನ್ನು ನಿಮ್ಮ ಭಾಷಣದ ಉದಾಹರಣೆ ಮಾಡಿಕೊಂಡು ತಿರುಗುತ್ತಿದ್ದೀರಿ. ನನ್ನ ದೂರು ಇದು.

ನಾನು ತದಡಿಗೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು, ಊರವರ ಬಾಯಲ್ಲಿ 'ಅಕ್ಕೋರು'. ಮನೆ ಕುಮಟಾದಲ್ಲಿ. ದಿನವೂ ಕಾರು ಓಡಿಸಿಕೊಂಡು ಅಘನಾಶಿನಿ ಸೇತುವೆ ದಾಟುತ್ತೇನೆ, ಬೆಲ್ಟ್ ಹಾಕಿಕೊಂಡು. ನಿಮ್ಮ ದಂಡಕ್ಕೆ ಹೆದರಿ ಹಾಕಿಕೊಳ್ಳುವುದಲ್ಲ, ಅದು ಜೀವ ಉಳಿಸುತ್ತದೆ ಎಂದು ನಂಬಿ ಹಾಕಿಕೊಳ್ಳುವುದು. ಬೆಲ್ಟ್ ಕಡ್ಡಾಯ ಮಾಡಿದ್ದು ಸರಿ ಎಂದೇ ನನ್ನ ಮತ. ಹಾಗಾಗಿ ಈ ಪತ್ರವನ್ನು 'ಕಾನೂನು ವಿರೋಧಿಗಳು' ಎಂದು ಬರೆದ ಕಡತಕ್ಕೆ ಸೇರಿಸಿ ಕೈ ತೊಳೆದುಕೊಳ್ಳಬೇಡಿ. ಕಾನೂನು ಒಳ್ಳೆಯದಿದ್ದ ಮಾತ್ರಕ್ಕೆ ಅದನ್ನು ಹೊತ್ತು ತಿರುಗುವವರೂ ಒಳ್ಳೆಯವರಾಗಿಬಿಡುವುದಿಲ್ಲ. ದೇವರ ಪಲ್ಲಕ್ಕಿ ಹೊತ್ತವರೆಲ್ಲ ದೇವರಾಗಿದ್ದರೆ ನಮ್ಮೂರಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಕಳೆದ ವರ್ಷದ ಮೇ ತಿಂಗಳ ಆ ಸಭೆ ನಿಮಗೆ ನೆನಪಿರಲಾರದು. ತದಡಿಯಲ್ಲಿ, ಬಂದರಿಗೆ ಹತ್ತಿರದ ಬಯಲಿನಲ್ಲಿ, ಶಾಮಿಯಾನದ ಕೆಳಗೆ ನಡೆದ 'ರಸ್ತೆ ಸುರಕ್ಷತಾ ಜಾಗೃತಿ'. ನೀವು ಹೇಳಿದ ಹೊತ್ತಿಗೆ ಬರಲಿಲ್ಲ, ಖುರ್ಚಿಗಳು ಖಾಲಿ ಕಾಣುತ್ತಿದ್ದವು, ಅದಕ್ಕೆ ರಜೆಯಲ್ಲಿದ್ದ ನಮ್ಮ ಮಕ್ಕಳನ್ನು ಮನೆಮನೆಯಿಂದ ಕರೆಸಿ ಕೂರಿಸಿದರು. ಮಕ್ಕಳ ಜೊತೆ ನನ್ನನ್ನೂ. ನಿಮ್ಮವರು ಆ ಜಾಗ, ಆ ತಿಂಗಳು ಆರಿಸಿದ್ದು ಬುದ್ಧಿವಂತಿಕೆಯೇ, ಒಪ್ಪುತ್ತೇನೆ. ಜೂನ್ ಒಂದರಿಂದ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡಕ್ಕೆ ಬರುತ್ತವೆ, ಗಂಡಸರಲ್ಲಿ ಹಲವರು ಆ ಎರಡು ತಿಂಗಳು ಟೆಂಪೋ, ವ್ಯಾನು, ರಿಕ್ಷಾ ಓಡಿಸುತ್ತಾರೆ. ಸಮುದ್ರದ ಕೈಗಳು ಸ್ಟೀರಿಂಗ್ ಹಿಡಿಯುವ ಕಾಲ. ಅವರಿಗೆ ನಾಲ್ಕು ಮಾತು ಹೇಳಬೇಕೆಂದು ಯಾರಿಗೋ ಹೊಳೆದಿತ್ತು. ಹೊಳೆದದ್ದು ನಿಮಗಲ್ಲ ಎಂಬುದು ನೀವು ಬಾಯಿ ತೆರೆದ ಮೇಲೆ ಗೊತ್ತಾಯಿತು.

ಬೆಲ್ಟ್ ಹಾಕದಿದ್ದರೆ ಎಷ್ಟು ದಂಡ, ಎರಡನೇ ಸಲ ಸಿಕ್ಕಿದರೆ ಏನಾಗುತ್ತದೆ, ಕ್ಯಾಮೆರಾ ಎಲ್ಲೆಲ್ಲಿ ಬರಲಿದೆ ಎಂದು ವಿವರಿಸಿದಿರಿ. ಬೆಲ್ಟ್ ಏನು ಮಾಡುತ್ತದೆ ಎಂದು ಮಾತ್ರ ಹೇಳಲಿಲ್ಲ. ಆಗ ಹಿಂದಿನ ಸಾಲಿನಿಂದ ನಾಗಣ್ಣ ಎದ್ದ. ಐವತ್ತು ದಾಟಿದ ಮನುಷ್ಯ, ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

"ಸಾಹೇಬ್ರೆ, ಒಂದು ಮಾತು ಕೇಳುದು. ಗಾಡಿ ಹೊಳಿಗೆ ಬಿದ್ರೆ ಇದ್ನ ಬಿಚ್ಚೂಕೆ ಆತದ್ಯಾ? ನೀರೊಳಗೆ?"

ನೀವು ಮೈಕಿನಲ್ಲೇ ಹೇಳಿದಿರಿ: "ಏನಯ್ಯಾ, ನೀನು ಗಾಡಿ ರಸ್ತೇಲಿ ಓಡಿಸ್ತೀಯೋ, ಹೊಳೇಲಿ ಓಡಿಸ್ತೀಯೋ?"

ಸಭೆ ನಕ್ಕಿತು. ಅವನ ಪಕ್ಕದಲ್ಲಿದ್ದ ಜಟ್ಟಿ ಎಂಬವನು "ಕೂತ್ಕ ನಾಗಣ್ಣ, ದೋಣಿಗೂ ಒಂದು ಬೆಲ್ಟ್ ಕಟ್ಸುವ" ಎಂದು ಇನ್ನೊಂದು ನಗೆ ಎಬ್ಬಿಸಿದ. ನಾಗಣ್ಣ ಕೂತ. ನೀವು ಮುಂದಿನ ಪ್ರಶ್ನೆಗೆ ಹೋಗಲಿಲ್ಲ, ಚಹಾಕ್ಕೆ ಹೋದಿರಿ.

ಮಾನ್ಯರೇ, ಆ ಪ್ರಶ್ನೆಯಲ್ಲಿ ನಗುವಂಥದ್ದು ಏನಿತ್ತು? ನಮ್ಮ ಹೆದ್ದಾರಿಯ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ನೀರು. ಗುಡ್ಡ ಜಾರಿ ರಸ್ತೆಯನ್ನು ಹೊಳೆಗೆ ತಳ್ಳಿದ್ದನ್ನೂ, ಹಳೆಯ ಸೇತುವೆ ಮುರಿದು ಲಾರಿ ನೀರಿಗೆ ಬಿದ್ದದ್ದನ್ನೂ ಈ ಜಿಲ್ಲೆ ಇನ್ನೂ ಮರೆತಿಲ್ಲ. ಭಟ್ಕಳದಿಂದ ಕುಮಟಾಕ್ಕೆ ಬರುವವನು ಎಷ್ಟು ಸಲ ನೀರಿನ ಮೇಲೆ ಹಾಯುತ್ತಾನೆ ಎಂದು ನೀವು ಒಮ್ಮೆ ಜೀಪಿನ ಕಿಟಕಿಯಿಂದ ಹೊರಗೆ ನೋಡಿದ್ದರೆ ತಿಳಿಯುತ್ತಿತ್ತು. ನಿಮ್ಮ ಜೀಪಿನ ಕಿಟಕಿಗೆ ಪರದೆ ಇದೆ, ಗಮನಿಸಿದ್ದೇನೆ.

ನಾಗಣ್ಣ ಯಾಕೆ ಹಾಗೆ ಕೇಳಿದ ಎಂದು ನನಗೂ ಆ ದಿನ ಗೊತ್ತಿರಲಿಲ್ಲ. ಬೆಳ್ಳಿಯನ್ನು ಬಲ್ಲೆ. ತದಡಿಯಿಂದ ಟೆಂಪೋದಲ್ಲಿ ಕುಮಟಾಕ್ಕೆ ಬಂದು, ಬುಟ್ಟಿಯನ್ನು ತಲೆಯ ಮೇಲಿಟ್ಟು ನಮ್ಮ ಬೀದಿಯಲ್ಲಿ ಮೀನು ಮಾರುವವಳು. ಬಂಗಡೆಯ ಕಿವಿರು ಎತ್ತಿ ತೋರಿಸಿ "ನೋಡಿ ಅಕ್ಕೋರೆ, ಇನ್ನೂ ನಿಮ್ಮನ್ನೇ ನೋಡ್ತದೆ" ಎನ್ನುವ ಗಟ್ಟಿಗಿತ್ತಿ. ಕಾರಣ ತಿಳಿದದ್ದು ಅಪಘಾತವಾದ ಮೇಲೆ, ಅವಳಿಂದಲೇ.

ಸಮುದ್ರಕ್ಕೆ ಹೋಗುವ ಅವರ ಮನೆಯಲ್ಲಿ ಗಂಡುಮಕ್ಕಳಿಗೆ ಈಜಿಗಿಂತ ಮೊದಲು ಒಂದು ಪಾಠ ಹೇಳುತ್ತಾರಂತೆ: ನೀರಿನ ಮೇಲೆ ಇರುವಾಗ ಮೈಗೆ ಹಗ್ಗ ಸುತ್ತಿಕೊಂಡಿರಬೇಡ. ಕಾಲಿಗೆ ಬಲೆಯ ಹಗ್ಗ ತೊಡರಿದರೆ ಮೊದಲು ಕಾಲು ಬಿಡಿಸಿಕೊ, ಬಲೆ ಹೋದರೆ ಹೋಗಲಿ. ನಾಗಣ್ಣನ ಅಣ್ಣ ದೇವು ಬಲೆಯನ್ನು ಬಿಡಲಿಲ್ಲ. ಬಲೆಯೂ ಅವನನ್ನು ಬಿಡಲಿಲ್ಲ. ಅವನ ಜೊತೆ ಅದೇ ದೋಣಿಯಲ್ಲಿದ್ದ ನಾಗಣ್ಣ, ನೀರಿಗೆ ಹಾರಿ ಹಗ್ಗ ಕುಯ್ಯಲು ಹೋಗಿ ಬರಿಗೈಯಲ್ಲಿ ಮೇಲೆ ಬಂದವನು. ಅಂಥವನ ಎದೆಯ ಮೇಲೆ ನೀವು ಒಂದು ಪಟ್ಟಿ ಅಡ್ಡ ಹಾಕಿ 'ಇದು ನಿನ್ನ ಸುರಕ್ಷತೆಗಾಗಿ' ಎಂದರೆ ಅವನ ಮೈ ಏನು ಹೇಳಬೇಕು?

ಆದರೂ ಅವನು ಕಾನೂನನ್ನು ತಳ್ಳಿಹಾಕಲಿಲ್ಲ. ಬೆಲ್ಟ್ ಹಾಕಿಯೇ ಓಡಿಸಿದ. ಸೇತುವೆ ಕಣ್ಣಿಗೆ ಬಿದ್ದ ಕೂಡಲೇ ಗಾಜು ಇಳಿಸಿ, ಬೆಲ್ಟ್ ಬಿಚ್ಚಿ, ದಾಟಿದ ಮೇಲೆ ಮತ್ತೆ ಹಾಕಿಕೊಳ್ಳುವುದು ಅವನು ಕಂಡುಕೊಂಡ ದಾರಿ. ರಸ್ತೆಯಲ್ಲಿ ನಿಮ್ಮ ಮಾತು, ನೀರಿನ ಮೇಲೆ ಅಪ್ಪನ ಮಾತು. ಬೇರೆಯವರೂ ಹೀಗೇ ಮಾಡುತ್ತಾರೆ ಎಂದು ಬೆಳ್ಳಿ ಹೇಳುತ್ತಾಳೆ. ಮಳೆ ಬಾರಿಸುತ್ತಿದ್ದರೂ ಸೇತುವೆಯ ಮೇಲೆ ಗಾಜು ಇಳಿಸಿಕೊಂಡು ಹೋಗುವ ಗಾಡಿಗಳನ್ನು ನಾನೂ ನೋಡಿದ್ದೇನೆ, ಬೀಡಿ ಸೇದುತ್ತಾರೇನೋ ಎಂದುಕೊಂಡಿದ್ದೆ. ನೋಡಿಯೂ ಏನನ್ನೂ ತಿಳಿಯದ ವಿಷಯದಲ್ಲಿ ನಾನು ನಿಮಗಿಂತ ಬಹಳ ಮೇಲೇನಲ್ಲ. ಆದರೆ ತಿಳಿಯುವುದಕ್ಕೆಂದೇ ನನಗೆ ಜೀಪು ಕೊಟ್ಟಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ನಾಗಣ್ಣ ತನ್ನ ಭಾವನ ಹಳೆಯ ವ್ಯಾನಿನಲ್ಲಿ ಭಟ್ಕಳಕ್ಕೆ ಜನರನ್ನು ಕರೆದುಕೊಂಡು ಹೊರಟಿದ್ದ. ಮುಂದಿನ ಸೀಟಿನಲ್ಲಿ ಬೆಳ್ಳಿ, ಸಂತೆಯಲ್ಲಿ ಮಾರಲು ಒಣಮೀನಿನ ಗಂಟು ಕಾಲಬುಡದಲ್ಲಿ. ಇಬ್ಬರಿಗೂ ಬೆಲ್ಟ್ ಇತ್ತು. ಶರಾವತಿ ಸೇತುವೆ ಎದುರಿಗೆ ಕಾಣಿಸಿತು. ನಾಗಣ್ಣ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈ ಚಾಚಿ ಬೆಳ್ಳಿಯ ಬೆಲ್ಟ್ ಒತ್ತಿ ಬಿಚ್ಚಿದ. ಅಷ್ಟರಲ್ಲಿ ದನವೊಂದು ಅಡ್ಡ ಬಂತು. ಬ್ರೇಕು, ಒದ್ದೆ ರಸ್ತೆ, ಡಿವೈಡರ್. ಹಿಂದೆ ಕೂತಿದ್ದವರಿಗೆ ತರಚು ಗಾಯ. ನಾಗಣ್ಣನಿಗೆ ಎದೆಯ ಮೇಲೆ ಅಡ್ಡಲಾಗಿ ಒಂದು ನೀಲಿ ಬರೆ, ಅಷ್ಟೇ. ಅವನ ಬೆಲ್ಟ್ ಇನ್ನೂ ಬಿಚ್ಚಿರಲಿಲ್ಲವಲ್ಲ. ಬೆಳ್ಳಿ ಗಾಜಿಗೆ ಹೋಗಿ ಬಡಿದಳು.

ಬದುಕಿದ್ದಾಳೆ. ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ. ತಲೆಯ ಮೇಲೆ ಭಾರ ಇಡಕೂಡದು ಎಂದಿದ್ದಾರೆ ವೈದ್ಯರು. ತಲೆಯ ಮೇಲೆ ಭಾರ ಹೊರುವುದೇ ಕಸುಬಾದವಳಿಗೆ ಇದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಅವರು "ಸ್ವಲ್ಪ ದಿನ" ಎಂದು ಸೇರಿಸಿದರಂತೆ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಈಗ ಪೇಟೆಯ ಮೂಲೆಯೊಂದರಲ್ಲಿ ನೆಲದ ಮೇಲೆ ಕೂತು ಮಾರುತ್ತಾಳೆ. ನಡೆದು ಮಾರುವವರೆಲ್ಲ ಮಾರಿ ಹೋದ ಮೇಲೆ ಉಳಿದ ಗಿರಾಕಿಗಳು ಅವಳ ಪಾಲಿಗೆ.

ಇಲ್ಲಿಯವರೆಗೆ ಇದು ದುರದೃಷ್ಟ ಎನ್ನಬಹುದಿತ್ತು. ಮುಂದಿನದು ನಿಮ್ಮ ಕೊಡುಗೆ.

ಈ ಮಾರ್ಚಿನಲ್ಲಿ ಭಟ್ಕಳದ ಸಭಾಭವನವೊಂದರಲ್ಲಿ 'ಸೀಟ್ ಬೆಲ್ಟ್ ಕಡ್ಡಾಯ: ರಕ್ಷಣೆಯೋ, ಸ್ವಾತಂತ್ರ್ಯಹರಣವೋ?' ಎಂಬ ಸಂವಾದ ನಡೆಯಿತು. ಗಾಳಿ ತಣ್ಣಗಿತ್ತು, ಖುರ್ಚಿಗಳು ಮೆತ್ತಗಿದ್ದವು, ನೀವು ಹೊತ್ತಿಗೆ ಸರಿಯಾಗಿ ಬಂದಿದ್ದಿರಿ. ನನ್ನನ್ನು ಕರೆದೊಯ್ದವನು ನನ್ನ ಮೈದುನ ರಾಜೇಶ. ಭಟ್ಕಳದಲ್ಲಿ ಅವನದು ಟೈಲ್ಸ್ ಅಂಗಡಿ. ಅವನ ಕಾರಿನಲ್ಲಿ ಬೆಲ್ಟಿನ ಜಾಗಕ್ಕೆ ಸಿಕ್ಕಿಸುವ ಒಂದು ಬರೀ ಕೊಂಡಿ ಇದೆ. ಅದನ್ನು ತೂರಿಸಿದರೆ ಕಾರು ಬೆಲ್ಟ್ ಹಾಕಿದ್ದಾರೆಂದು ನಂಬಿ ಕಿರುಚುವುದನ್ನು ನಿಲ್ಲಿಸುತ್ತದೆ. ದುಡ್ಡು ಕೊಟ್ಟು ಕೊಂಡ ಎಚ್ಚರಿಕೆಯನ್ನು ಮತ್ತೆ ದುಡ್ಡು ಕೊಟ್ಟು ಬಾಯಿ ಮುಚ್ಚಿಸುವುದಕ್ಕೆ ಅವನು ಇಟ್ಟಿರುವ ಹೆಸರು ಸ್ವಾತಂತ್ರ್ಯ.

ಅವನು ಎದ್ದು ನಿಂತು ಬಹಳ ಹೊತ್ತು ಮಾತಾಡಿದ. ನನ್ನ ಕಾರು, ನನ್ನ ದೇಹ, ನನ್ನ ಜೀವ, ನಡುವೆ ಸರ್ಕಾರಕ್ಕೇನು ಕೆಲಸ? ನಾಳೆ ಎಷ್ಟು ಇಡ್ಲಿ ತಿನ್ನಬೇಕೆಂದೂ ನೀವೇ ಹೇಳುತ್ತೀರಾ? ಚಪ್ಪಾಳೆ ಬಿತ್ತು. ನೀವು ಮುಗುಳ್ನಕ್ಕು "ತಮ್ಮ ಭಾವನೆ ಅರ್ಥವಾಗುತ್ತದೆ ಸರ್, ಬಹಳ ಮೌಲಿಕವಾದ ಪ್ರಶ್ನೆ" ಎಂದಿರಿ. ಆಮೇಲೆ ಡಿಕ್ಕಿಯ ವೇಗ, ದೇಹದ ತೂಕ, ವಿದೇಶಗಳ ಅನುಭವ ಎಲ್ಲವನ್ನೂ ಚಿತ್ರ ತೋರಿಸಿ ವಿವರಿಸಿದಿರಿ. ಹೌದು, ನಿಮಗೆ ಎಲ್ಲ ಗೊತ್ತಿತ್ತು! ತದಡಿಯಲ್ಲಿ ಹೇಳದೆ ಉಳಿಸಿಕೊಂಡದ್ದು ಭಟ್ಕಳದ ಮೆತ್ತನೆ ಖುರ್ಚಿಗಳಿಗಾಗಿ. ನಾಗಣ್ಣನ ಪ್ರಶ್ನೆ ಮೌಲಿಕವಾಗಲು ಏನು ಬೇಕಿತ್ತು? ಅಂಗಡಿಯೇ? ಇಸ್ತ್ರಿ ಮಾಡಿದ ಅಂಗಿಯೇ? 'ಹೊಳಿ' ಎನ್ನುವ ಬದಲು 'ಜಲಾವೃತ ಸನ್ನಿವೇಶ' ಎಂದಿದ್ದರೆ ಆಗುತ್ತಿತ್ತೇ?

ರಾಜೇಶನ ಸ್ವಾತಂತ್ರ್ಯದ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. ಅವನ ಜೀವ ಅವನೊಬ್ಬನದೇ ಆಗಿದ್ದರೆ ಅವನ ತಾಯಿ ಪ್ರತಿ ಸಂಜೆ ಗೇಟಿನ ಸದ್ದಿಗೆ ಕಿವಿಕೊಟ್ಟು ಕೂರುತ್ತಿರಲಿಲ್ಲ. ಆದರೆ ಒಂದು ಮಾತು ನನ್ನನ್ನೇ ಕೇಳಿಕೊಳ್ಳುತ್ತೇನೆ. ರಾಜೇಶ ಬೆಲ್ಟ್ ಹಾಕದಿರುವುದು ತನಗೇನೂ ಆಗದು ಎಂಬ ಧೈರ್ಯದಿಂದ. ನಾಗಣ್ಣ ಬಿಚ್ಚಿದ್ದು ಏನಾದರೂ ಆದೀತು ಎಂಬ ಭಯದಿಂದ. ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ, ದಂಡವೂ ಒಂದೇ. ಹಾಗಿರಬೇಕಾದದ್ದೇ. ಆದರೆ ಕಾನೂನಿಗೆ ಕಣ್ಣು ಮಾತ್ರ ಇದ್ದರೆ ಸಾಕೇ? ಕಿವಿ ಇರಲಿ ಎಂದಲ್ಲವೇ ಅದರ ಜೊತೆ ನಿಮ್ಮಂಥವರನ್ನು ನೇಮಿಸಿ ಸಂಬಳ ಕೊಡುವುದು? 'ಹಾಕು' ಎಂದು ಬಲವಂತ ಮಾಡುವ ಹಕ್ಕು ನಿಮಗಿದೆ, ನಾನೇ ಕೊಡುತ್ತೇನೆ. 'ಯಾಕೆ' ಎಂದವನಿಗೆ ಉತ್ತರ ಕೊಡದೆ ಆ ಹಕ್ಕನ್ನು ಚಲಾಯಿಸುವುದಾದರೆ, ಅಲ್ಲಿ ಕಳೆದುಹೋಗುವ ಸ್ವಾತಂತ್ರ್ಯ ರಾಜೇಶನದಲ್ಲ, ನಾಗಣ್ಣನದು.

ಅದೇ ಸಭೆಯ ಕೊನೆಯಲ್ಲಿ ನೀವು ಹೇಳಿದಿರಿ: "ಹೊನ್ನಾವರದ ಸೇತುವೆ ಹತ್ತಿರ ಕಳೆದ ಮಳೆಗಾಲದಲ್ಲಿ ಒಬ್ಬ ಮೀನು ಮಾರುವ ಹೆಂಗಸು ಬೆಲ್ಟಿಲ್ಲದೆ ಕೂತು ಗಾಜಿಗೆ ಬಡಿದುಕೊಂಡಳು. ಕಾರಣ ಏನು? ಅಸಡ್ಡೆ. ಈ ಜನಕ್ಕೆ ತಮ್ಮ ಜೀವದ ಬಗ್ಗೆಯೇ ಅಸಡ್ಡೆ."

ಬೆಳ್ಳಿ ವರ್ಷದ ಹತ್ತು ತಿಂಗಳು ಸರಕಿನ ಟೆಂಪೋದ ಹಿಂಬದಿಯಲ್ಲಿ ಬುಟ್ಟಿಗಳ ನಡುವೆ, ಹಿಡಿದುಕೊಳ್ಳಲು ಒಂದು ಹಗ್ಗದ ತುಂಡೂ ಇಲ್ಲದೆ, ನಿಮ್ಮ ತಪಾಸಣೆಯವರ ಕಣ್ಣೆದುರೇ ಹಾದುಹೋಗುತ್ತಿದ್ದಳು. ಆಗ ಅವಳ ಜೀವದ ಬಗ್ಗೆ ಯಾರಿಗೆ ಅಸಡ್ಡೆ ಇತ್ತು? ಮುಂದಿನ ಸೀಟಿಗೆ ಬಂದು ಗಾಜಿಗೆ ಬಡಿದ ಮೇಲೆಯೇ ಅವಳಿಗೂ ಒಂದು ಜೀವವಿದೆ ಎಂದು ನಿಮಗೆ ತಿಳಿದದ್ದು.

ನಿಮ್ಮ ಆ ಮಾತು ಯಾರದೋ ಫೋನಿನ ವಿಡಿಯೋದಲ್ಲಿ ತದಡಿಯವರೆಗೂ ಬಂತು. ನಾನು ಅವರ ಮನೆಗೆ ಹೋದಾಗ ನಾಗಣ್ಣ ಹೊರಗೆ ಬಲೆ ಹೆಣೆಯುತ್ತಿದ್ದ, ತಲೆ ಎತ್ತಲಿಲ್ಲ. ಬೆಳ್ಳಿ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ ಹೇಳಿದಳು:

"ಅಸಡ್ಡೆ ಅಂದ್ರಂತಲ್ಲ ಅಕ್ಕೋರೆ ಅವ್ರು. ಅಸಡ್ಡೆ ಆಗಿದ್ರೆ ಅಂವ ಮೊದ್ಲು ತನ್ನದ್ನ ಬಿಚ್ಕಣ್ತಿದ್ದ. ನಂದು ಬಿಚ್ಚೂಕೆ ಬರ್ತಿರ್ಲಿಲ್ಲ."

ಈ ವಾಕ್ಯವನ್ನು ಇನ್ನೊಮ್ಮೆ ಓದಿ, ಮಾನ್ಯರೇ. ನೀವು ಅಸಡ್ಡೆ ಎಂದು ಕರೆದದ್ದು, ಮುಳುಗುವ ಹೊತ್ತು ಬಂದರೆ ತನಗಿಂತ ಮೊದಲು ಹೆಂಡತಿ ಹೊರಗೆ ಹೋಗಲಿ ಎಂದು ಚಾಚಿದ ಕೈ. ಅವನು ಮಾಡಿದ್ದು ತಪ್ಪು. ಬಹಳ ದೊಡ್ಡ ತಪ್ಪು. ಆ ತಪ್ಪು ನಡೆಯದಂತೆ ಮಾಡಲು ಒಂದೇ ಒಂದು ಮಾತು ಸಾಕಿತ್ತು: ಗಾಡಿ ನೀರಿಗೆ ಬಿದ್ದರೂ ಮೊದಲು ಬರುವುದು ನೀರಲ್ಲ ನಾಗಣ್ಣ, ಹೊಡೆತ. ಆ ಹೊಡೆತದಲ್ಲಿ ಎಚ್ಚರ ತಪ್ಪದಂತೆ ಬೆಲ್ಟ್ ಹಿಡಿದಿರುತ್ತದೆ. ಎಚ್ಚರ ಇದ್ದವನು ಕೆಂಪು ಗುಂಡಿ ಒತ್ತಿದರೆ ಅದು ನೀರೊಳಗೂ ಬಿಚ್ಚುತ್ತದೆ. ಎಚ್ಚರ ತಪ್ಪಿದವನಿಗೆ ಬೆಲ್ಟ್ ಇಲ್ಲದಿದ್ದರೂ ದಡವಿಲ್ಲ. ಇಷ್ಟೇ. ನಿಮ್ಮ ಹಾಸ್ಯಕ್ಕೆ ಹಿಡಿದ ಹೊತ್ತಿಗಿಂತ ಹೆಚ್ಚೇನೂ ಹಿಡಿಯುತ್ತಿರಲಿಲ್ಲ.

ಈ ಮಾತನ್ನು, ಅವರ ಮನೆಗೆ ಹೋದ ಆ ದಿನ, ಅವನಿಗೆ ನಾನೇ ಹೇಳಿದೆ. ಓದಿ ತಿಳಿದುಕೊಂಡು, ನಮ್ಮ ತರಗತಿಯಲ್ಲಿ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಬಲೆಯಿಂದ ಕಣ್ಣೆತ್ತಿದ.

"ಅಕ್ಕೋರೆ, ನಿಮ್ಗೆ ಈಸೂಕೆ ಬತ್ತದ್ಯಾ?"

ಇಲ್ಲ ಎಂದೆ. ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಹುಟ್ಟಿ ಬೆಳೆದವಳು ನಾನು. ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಅಲೆಗಳ ಮೇಲಿನ ಪದ್ಯ ಬಾಯಿಪಾಠ ಮಾಡಿಸಿದ್ದರು, ನೀರಿಗಿಳಿಸಿರಲಿಲ್ಲ.

"ನೀವು ನೀರೊಳಗೆ ಕಣ್ಬಿಟ್ಟು ನೋಡ್ದವ್ರಲ್ಲ, ಕೈ ಹೆಂಗೆ ಆಡ್ತದೆ ಗೊತ್ತಿಲ್ಲ. ಮತ್ತೆ ಬಿಚ್ತದೆ ಹೇಳಿ ಹೆಂಗೆ ಹೇಳ್ತ್ರಿ?" ಅವನ ದನಿಯಲ್ಲಿ ಕುಹಕವಿರಲಿಲ್ಲ. ಬಲೆಯ ಗಂಟೊಂದನ್ನು ಬಿಗಿದು ಅಂದ: "ಹಾಕಿದ್ರೆ ಹೊಳಿ, ಬಿಚ್ಚಿದ್ರೆ ರಸ್ತೆ. ಈ ಜೂನಿಗೆ ನಾ ಎಂತ ಮಾಡುದು, ಅದ್ನ ಹೇಳಿ."

ಈಗ ಬೇಕಾಗಿರುವುದು ಆ ಪ್ರಶ್ನೆಗೆ ಉತ್ತರ. ಜೂನ್ ಒಂದಕ್ಕೆ ದೋಣಿ ಮತ್ತೆ ದಡಕ್ಕೆ ಬರುತ್ತದೆ, ರಿಪೇರಿಯಾದ ವ್ಯಾನು ಮತ್ತೆ ಅವನ ಕೈಗೆ. ನಡೆದು ಮಾರಲಾಗದ ಬೆಳ್ಳಿ ಭಟ್ಕಳದ ಸಂತೆಗೆ ಮತ್ತೆ ಅವನ ಪಕ್ಕದಲ್ಲೇ ಕೂತು ಹೋಗಬೇಕು. ಸೇತುವೆ ಎದುರಿಗೆ ಬಂದಾಗ ಅವನ ಎಡಗೈ ಎಲ್ಲಿರಬೇಕು? ಕ್ಯಾಮೆರಾ ಇದನ್ನು ಹೇಳಿಕೊಡುವುದಿಲ್ಲ. ದಂಡದ ರಸೀದಿಯೂ ಹೇಳಿಕೊಡುವುದಿಲ್ಲ.

ನನ್ನ ಮಾತನ್ನು ಅವನು ನಂಬದಿರುವುದು ಸರಿಯೇ. ಅವನು ನಂಬುವುದು ನೀರೊಳಗೆ ತನ್ನ ಕೈ ಮಾಡಿ ನೋಡಿದ್ದನ್ನು ಮಾತ್ರ. ಹಾಗಾಗಿ ಕುಮಟಾದ ಗುಜರಿಯಿಂದ ಒಂದು ಹಳೆಯ ಕಾರಿನ ಸೀಟು, ಅದರ ಬೆಲ್ಟಿನ ಸಮೇತ, ತಂದಿದ್ದೇನೆ. ಗ್ಯಾರೇಜಿನ ಸಂಜಯ ಎರಡನ್ನೂ ಕಬ್ಬಿಣದ ಚೌಕಟ್ಟಿಗೆ ಬಿಗಿದುಕೊಟ್ಟು, "ಅಕ್ಕೋರೆ, ಕಾರು ಕಂತಿನಲ್ಲಿ ತಕಣ್ತಿದ್ರ್ಯಾ, ಮುಂದಿನ ತಿಂಗ್ಳು ಚಕ್ರವಾ?" ಎಂದು ಕೇಳಿದ. ಆ ಸೀಟು ಸದ್ಯ ನಮ್ಮ ಜಗಲಿಯಲ್ಲಿದೆ. ಮೇ ೨೪ರ ಭಾನುವಾರ ಬೆಳಿಗ್ಗೆ, ನೀರು ಇಳಿದಿರುವ ಹೊತ್ತು ನೋಡಿ, ತದಡಿಯಲ್ಲಿ ಕುತ್ತಿಗೆಮಟ್ಟದ ನೀರಿಗೆ ಅದನ್ನು ಇಳಿಸುತ್ತೇವೆ. ಕೂತು, ಬೆಲ್ಟ್ ಹಾಕಿ, ತಲೆ ಮುಳುಗಿಸಿ, ಕೆಂಪು ಗುಂಡಿ ಒತ್ತಬೇಕು. ಸುತ್ತ ಈಜು ಬಲ್ಲವರು ನಿಂತಿರುತ್ತಾರೆ, ಬಿಚ್ಚದಿದ್ದರೆ ಬೆಲ್ಟ್ ಕುಯ್ಯಲು ಕೈಯಲ್ಲಿ ಕತ್ತಿ ಹಿಡಿದು. ಜಟ್ಟಿಯೂ ಬರುತ್ತಾನಂತೆ.

ಈ ಪತ್ರದ ಕರಡನ್ನು ಇಬ್ಬರಿಗೂ ಓದಿ ಹೇಳಿ, ಕೇಳಿಯೇ ಅವರ ಹೆಸರು ಹಾಕಿದ್ದೇನೆ. ನಾಗಣ್ಣ ಅಂದದ್ದು ಒಂದೇ ಮಾತು: "ಮೊದ್ಲು ನೀವು ಕೂತ್ರೆ ಆಮೇಲೆ ನಾ ಕೂತ್ಕಣ್ತೆ." ಆತು ಎಂದುಬಿಟ್ಟೆ. ಬೆಳ್ಳಿ ಬಾಯಿಗೆ ಸೆರಗು ಹಿಡಿದು ನಕ್ಕು, "ನಾ ದಡದ್ಮೇಲೇ ನಿಂತ್ಕಣ್ತೆ ಅಕ್ಕೋರೆ, ನಿಮ್ಮನ್ನ ಹೊತ್ಕಂಡು ಬರೂಕೆ ನನ್ನ ಕುತ್ಗೆ ಆಗುದಿಲ್ಲ" ಅಂದಳು.

ನನ್ನ ಬೇಡಿಕೆಗೆ ಬರುತ್ತೇನೆ. ಪರಿಹಾರ ಕೇಳುತ್ತಿಲ್ಲ, ಕಾನೂನು ಸಡಿಲಿಸಿ ಎಂದೂ ಕೇಳುತ್ತಿಲ್ಲ. ನೀವು ಆ ದಿನ ಬರಬೇಕು. ಶಾಮಿಯಾನ ಇರುವುದಿಲ್ಲ, ಮೈಕು ಇರುವುದಿಲ್ಲ, ಖುರ್ಚಿ ಒಂದೇ ಇರುತ್ತದೆ, ಅದೂ ನೀರೊಳಗೆ. ನನ್ನ ನಂತರ, ನಾಗಣ್ಣನಿಗಿಂತ ಮೊದಲು, ಅದು ನಿಮ್ಮದು. ಕೂತು, ಬಿಚ್ಚಿಕೊಂಡು ಮೇಲೆ ಬಂದು, ಉಸಿರು ಸರಿಯಾದ ಮೇಲೆ ಅವನ ಪ್ರಶ್ನೆಗೆ ಉತ್ತರ ಹೇಳಿ. ಆಮೇಲೆ ದಡದ ಮೇಲೆ ನಿಂತಿರುವ ಬೆಳ್ಳಿಯ ಎದುರು ಹೋಗಿ 'ಅಸಡ್ಡೆ' ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅವಳ ಬಲಗಡೆಗೆ ನಿಂತು ಹೇಳಿ. ಎಡಗಡೆಗೆ ಅವಳು ತಿರುಗಲಾರಳು.

ಬರದಿದ್ದರೂ ನಮ್ಮ ಕೆಲಸ ನಿಲ್ಲುವುದಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಲು ಈಜು ಬಾರದ ಅಕ್ಕೋರು ನೀರಿಗಿಳಿಯಬೇಕಾಯಿತು, ಅದಕ್ಕೆಂದೇ ಸಂಬಳ ಪಡೆಯುವವರು ಜೀಪಿನಿಂದ ಇಳಿಯಲಿಲ್ಲ ಎಂದು ಮುಂದಿನ ಮಳೆಗಾಲದವರೆಗೂ ಊರು ಆಡಿಕೊಳ್ಳುತ್ತದೆ. ನಮ್ಮ ಊರಿನ ನಗು ಎಂಥದ್ದೆಂದು ನಿಮಗೆ ಗೊತ್ತು. ಒಮ್ಮೆ ನೀವೇ ಎಬ್ಬಿಸಿದ್ದಿರಿ.

ಇಂತಿ,
ಬೆಲ್ಟಿನ ಮೇಲೆ ಪೂರ್ತಿ ನಂಬಿಕೆ, ನಿಮ್ಮ ಮೇಲೆ ಎಳ್ಳಷ್ಟೂ ಇಲ್ಲದ,
ಉಸಿರು ಹಿಡಿಯುವುದನ್ನು ಬಕೆಟ್ಟಿನಲ್ಲಿ ಅಭ್ಯಾಸ ಮಾಡುತ್ತಿರುವ
ಅರ್ಚನಾ ಅಕ್ಕೋರು, ಕುಮಟಾ

ಅಂಚೆಗೆ ಹಾಕುವುದು ಮೇ ೧೮ರ ಸೋಮವಾರ. ನಾಗಣ್ಣ ನಿಮ್ಮನ್ನು ಕೇಳಿ ಅಂದಿಗೆ ಒಂದು ವರ್ಷ.